ಚೆನ್ನೈನ ನಾಲ್ಕನೇ ಪಂದ್ಯ: ಬರ್ಲಿನ್ ರಕ್ಷಣೆ ಮತ್ತು 64 ನಡೆಗಳ ಒಂದು ಡ್ರಾ

2013ರ ನವೆಂಬರ್ 13ರಂದು ಚೆನ್ನೈನಲ್ಲಿ ವಿಶ್ವನಾಥನ್ ಆನಂದ್ ಮತ್ತು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ನಾಲ್ಕನೇ ಬಾರಿ ಎದುರುಬದುರು ಕುಳಿತರು. ಮೊದಲ ಮೂರು ಪಂದ್ಯಗಳು ಡ್ರಾ ಆಗಿದ್ದವು. ನಾಲ್ಕನೆಯದೂ ಡ್ರಾ ಆಯಿತು. ಫಲಿತಾಂಶದ ಪಟ್ಟಿಯನ್ನಷ್ಟೇ ನೋಡಿದವರಿಗೆ ಇಬ್ಬರಿಗೂ ಅರ್ಧ ಅಂಕ, ಒಟ್ಟು 2–2 ಎಂಬುದಷ್ಟೇ ಉಳಿಯಿತು. ಆ ಸರಣಿಯ ಹತ್ತು ಪಂದ್ಯಗಳಲ್ಲಿ ಮೂರರಲ್ಲಿ ಸೋಲು–ಗೆಲುವು ತೀರ್ಮಾನವಾಯಿತು. ಆದರೂ ಹತ್ತರಲ್ಲಿ ಶ್ರೇಷ್ಠವಾದುದು ಯಾವುದು ಎಂದು ಕೇಳಿದರೆ ನಾನು ಈ ಡ್ರಾವನ್ನೇ ತೋರಿಸುತ್ತೇನೆ. ಹೀಗೆ ಹೇಳುವುದಕ್ಕೆ ಕಾರಣ ಆ ಪಂದ್ಯದ ಆರಂಭದಲ್ಲೇ, ಅಂದರೆ ಮೊದಲ ಎಂಟು ನಡೆಗಳಲ್ಲೇ ಇದೆ.

ಮೊದಲು ಡ್ರಾ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳೋಣ. ಚದುರಂಗದಲ್ಲಿ ಪಂದ್ಯ ಡ್ರಾ ಆಗಲು ಹಲವು ದಾರಿಗಳಿವೆ. ನಡೆಯಬೇಕಾದವನ ರಾಜನಿಗೆ ಚೆಕ್ (ನೇರ ಹೊಡೆತದ ಬೆದರಿಕೆ) ಇಲ್ಲದಿದ್ದರೂ ಅವನಿಗೆ ಯಾವ ನಡೆಯೂ ಉಳಿಯದಿದ್ದರೆ ಡ್ರಾ. ಒಂದೇ ಸ್ಥಿತಿ ಮೂರು ಬಾರಿ ಬಂದರೆ, ಅಥವಾ ಯಾವ ಕಾಯಿಯೂ ಹೊಡೆತಕ್ಕೆ ಸಿಗದೆ, ಯಾವ ಕಾಲಾಳೂ ಮುಂದೆ ಹೋಗದೆ 50 ನಡೆ ಕಳೆದರೆ ಆಟಗಾರ ಡ್ರಾ ಕೇಳಬಹುದು. ಮಾತ್ ಮಾಡಲು, ಅಂದರೆ ರಾಜನನ್ನು ಚೆಕ್‌ನಿಂದ ತಪ್ಪಿಸಿಕೊಳ್ಳಲಾಗದಂತೆ ಹಿಡಿಯಲು, ಸಾಕಾಗುವಷ್ಟು ಕಾಯಿಗಳೇ ಇಬ್ಬರಲ್ಲೂ ಇಲ್ಲದಿದ್ದರೂ ಡ್ರಾ. ಇವೆಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇಬ್ಬರೂ ಒಪ್ಪಿ ಕೈಕುಲುಕುವ ಡ್ರಾ. ನೋಡುವವರಿಗೆ ಬೇಸರ ತರಿಸುವುದೂ ಇದೇ.

ಅಂಕ ಸಮಾನವಾದರೂ ಡ್ರಾದ ಬೆಲೆ ಇಬ್ಬರಿಗೂ ಒಂದೇ ಅಲ್ಲ. ಮೊದಲ ನಡೆ ಬಿಳಿಯದು. ಆ ಒಂದು ಹೆಜ್ಜೆಯ ಮುನ್ನಡೆ ಸಾಮಾನ್ಯ ಆಟಗಾರರ ನಡುವೆ ಲೆಕ್ಕಕ್ಕೆ ಬರುವುದಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನ ಮಟ್ಟದಲ್ಲಿ ಮಾತ್ರ ಅದು ನಿಜವಾದ ಆಸ್ತಿ. ಆದ್ದರಿಂದ ಬಿಳಿ ಕಾಯಿ ಹಿಡಿದವನು ಗೆಲ್ಲಲು ಕೂರುತ್ತಾನೆ, ಕಪ್ಪು ಹಿಡಿದವನು ಡ್ರಾ ಪಡೆದರೆ ಆ ದಿನದ ಕೆಲಸ ಮಾಡಿದಂತೆ. ಕಪ್ಪಿನ ಈ ಅಗತ್ಯಕ್ಕೆ ಹೇಳಿ ಮಾಡಿಸಿದಂತಹ ಆರಂಭವೇ ಬರ್ಲಿನ್ ರಕ್ಷಣೆ.

ಬರ್ಲಿನ್ ರಕ್ಷಣೆ ರೂಯ್ ಲೋಪೆಜ್ ಎಂಬ ಹಳೆಯ ಆರಂಭದ ಒಂದು ಕವಲು. ಚದುರಂಗದ ಮೇಲೆ 1561ರಲ್ಲಿ ಪುಸ್ತಕ ಬರೆದ ಸ್ಪೇನಿನ ಪಾದ್ರಿಯ ಹೆಸರು ಆ ಆರಂಭಕ್ಕೆ ಅಂಟಿಕೊಂಡಿದೆ. ಹಲಗೆಯ ಉದ್ದ ಸಾಲುಗಳಿಗೆ ಬಿಳಿಯ ಎಡದಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಅಕ್ಷರ, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಂಕಿ; ಎರಡೂ ಸೇರಿದರೆ ಮನೆಯ ಹೆಸರು. ಬಿಳಿ ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ತಳ್ಳುತ್ತದೆ, ಕಪ್ಪು ಇ5ಕ್ಕೆ. ಬಿಳಿಯ ಕುದುರೆ ಎಫ್3ಕ್ಕೆ ಬಂದು ಇ5ರ ಕಾಲಾಳಿನ ಮೇಲೆ ಕಣ್ಣಿಡುತ್ತದೆ, ಕಪ್ಪಿನ ಕುದುರೆ ಸಿ6ಕ್ಕೆ ಬಂದು ಅದನ್ನು ಕಾಯುತ್ತದೆ. ಮೂರನೇ ನಡೆಯಲ್ಲಿ ಬಿಳಿಯ ಒಂಟೆ ಬಿ5ಕ್ಕೆ ಬಂದು ಆ ಕಾವಲುಗಾರ ಕುದುರೆಯನ್ನೇ ಕೆಣಕುತ್ತದೆ. ಇಲ್ಲಿಯವರೆಗೆ ಎಲ್ಲರೂ ಬಲ್ಲ ದಾರಿ. ಇಲ್ಲಿ ಕಪ್ಪು ಎ6ಕ್ಕೆ ಕಾಲಾಳು ತಳ್ಳಿ ಒಂಟೆಯನ್ನು ಪ್ರಶ್ನಿಸುವುದು ಬಹುಕಾಲದ ರೂಢಿ. ಬರ್ಲಿನ್‌ನಲ್ಲಿ ಹಾಗಾಗುವುದಿಲ್ಲ. ಕಪ್ಪು ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದು, ನೀನು ನನ್ನ ಇ5ರ ಕಾಲಾಳನ್ನು ನೋಡುತ್ತಿದ್ದರೆ ನಾನು ನಿನ್ನ ಇ4ರ ಕಾಲಾಳನ್ನು ನೋಡುತ್ತೇನೆ ಎನ್ನುತ್ತದೆ. ಬಿಳಿ ಹೆದರದೆ ಕ್ಯಾಸಲಿಂಗ್ ಮಾಡಿಕೊಳ್ಳುತ್ತದೆ, ಅಂದರೆ ಒಂದೇ ನಡೆಯಲ್ಲಿ ರಾಜನನ್ನು ಆನೆಯ ಕಡೆಗೆ ಎರಡು ಮನೆ ಸರಿಸಿ ಆನೆಯನ್ನು ಅವನ ಇನ್ನೊಂದು ಬದಿಗೆ ತರುತ್ತದೆ. ಕಪ್ಪಿನ ಕುದುರೆ ಇ4ರ ಕಾಲಾಳನ್ನು ಹೊಡೆಯುತ್ತದೆ.

ಐದನೇ ನಡೆಯಲ್ಲಿ ಬಿಳಿ ಡಿ4ಕ್ಕೆ ಕಾಲಾಳು ತಳ್ಳಿ ನಡುವನ್ನು ತೆರೆಯುತ್ತದೆ. ಕಪ್ಪಿನ ಕುದುರೆ ಡಿ6ಕ್ಕೆ ಹಿಂದೆ ಸರಿದು ಬಿ5ರ ಒಂಟೆಯ ಮೇಲೆ ಬೀಳುತ್ತದೆ. ಆ ಒಂಟೆ ಸುಮ್ಮನೆ ಓಡಿಹೋಗದೆ ಸಿ6ರ ಕುದುರೆಯನ್ನು ಹೊಡೆಯುತ್ತದೆ, ಕಪ್ಪು ಡಿ ಸಾಲಿನ ಕಾಲಾಳಿನಿಂದ ಅದನ್ನು ತೆಗೆಯುತ್ತದೆ. ಬಿಳಿಯ ಕಾಲಾಳು ಇ5ರಲ್ಲಿದ್ದ ಕಾಲಾಳನ್ನು ಹೊಡೆದು ಅಲ್ಲಿ ನಿಂತಾಗ ಡಿ6ರ ಕುದುರೆ ಎಫ್5ಕ್ಕೆ ಜಿಗಿಯುತ್ತದೆ. ಈಗ ಡಿ ಸಾಲು ಪೂರ್ತಿ ತೆರೆದಿದೆ, ಎರಡೂ ರಾಣಿಯರು ಎದುರುಬದುರು. ಎಂಟನೇ ನಡೆಯಲ್ಲಿ ಬಿಳಿಯ ರಾಣಿ ಕಪ್ಪು ರಾಣಿಯನ್ನು ಹೊಡೆಯುತ್ತದೆ, ಕಪ್ಪು ರಾಜ ಆ ರಾಣಿಯನ್ನು ಹೊಡೆದು ಡಿ8ರಲ್ಲಿ ನಿಲ್ಲುತ್ತಾನೆ.

ಆಟದ ಅತಿ ಬಲಿಷ್ಠ ಕಾಯಿಗಳು ಎಂಟೇ ನಡೆಗಳಲ್ಲಿ ಹಲಗೆಯಿಂದ ಹೊರಗೆ. ಕಪ್ಪು ರಾಜ ಕ್ಯಾಸಲಿಂಗ್ ಹಕ್ಕು ಕಳೆದುಕೊಂಡು ನಡುವೆ ನಿಂತಿದ್ದಾನೆ. ಕಪ್ಪಿನ ಎರಡು ಕಾಲಾಳುಗಳು ಸಿ ಸಾಲಿನಲ್ಲಿ, ಇಕ್ಕಟ್ಟಾದ ಓಣಿಯಲ್ಲಿ ಸಿಕ್ಕಿಕೊಂಡ ಎರಡು ಎತ್ತಿನಗಾಡಿಗಳಂತೆ, ಒಂದರ ಬೆನ್ನಿಗೆ ಒಂದು ನಿಂತಿವೆ. ಚದುರಂಗದ ಪಾಠಗಳಲ್ಲಿ ಮಕ್ಕಳಿಗೆ ಮಾಡಬೇಡಿ ಎಂದು ಹೇಳುವ ಎಲ್ಲವನ್ನೂ ಕಪ್ಪು ಮಾಡಿದಂತಿದೆ. ಹಾಗಿದ್ದರೂ ವಿಶ್ವದ ಅತ್ಯುತ್ತಮ ಆಟಗಾರರು ಇದನ್ನು ಬೇಕೆಂದೇ ಆರಿಸಿಕೊಳ್ಳುತ್ತಾರೆ.

ಕಾಲಾಳುಗಳನ್ನು ಎಣಿಸಿದರೆ ಕಾರಣ ಹೊಳೆಯುತ್ತದೆ. ಇಬ್ಬರಲ್ಲೂ ಏಳೇಳು ಇವೆ. ರಾಜನ ಬದಿಯಲ್ಲಿ, ಅಂದರೆ ಇ, ಎಫ್, ಜಿ, ಎಚ್ ಸಾಲುಗಳಲ್ಲಿ, ಬಿಳಿಗೆ ನಾಲ್ಕು, ಕಪ್ಪಿಗೆ ಮೂರು. ರಾಣಿಯ ಬದಿಯಲ್ಲಿ ಕಪ್ಪಿಗೆ ನಾಲ್ಕು, ಬಿಳಿಗೆ ಮೂರು. ಆದರೆ ಕಪ್ಪಿನ ನಾಲ್ಕರಲ್ಲಿ ಎರಡು ಒಂದೇ ಸಾಲಿನಲ್ಲಿರುವುದರಿಂದ ಆ ಬಹುಮತಕ್ಕೆ ಹಲ್ಲಿಲ್ಲ. ಅಲ್ಲಿಂದ ತಡೆಯಿಲ್ಲದೆ ಓಡುವ ಒಂದು ಕಾಲಾಳನ್ನು ಹುಟ್ಟಿಸುವುದು ಕಷ್ಟ. ಬಿಳಿಯ ಬಹುಮತ ಮಾತ್ರ ಆರೋಗ್ಯವಾಗಿದೆ. ಆದ್ದರಿಂದ ಉಳಿದ ಕಾಯಿಗಳನ್ನೆಲ್ಲ ತೆಗೆದು ರಾಜರನ್ನೂ ಕಾಲಾಳುಗಳನ್ನೂ ಮಾತ್ರ ಬಿಟ್ಟರೆ ಬಿಳಿಯೇ ಗೆಲ್ಲುತ್ತದೆ. ಇದು ಬಿಳಿಯ ದೊಡ್ಡ ಬಂಡವಾಳ. ಇಲ್ಲಿ ಬಿಳಿ ನಡೆಸುವ ಯೋಜನೆಗಳೆಲ್ಲ ಕೊನೆಗೆ ಇದರತ್ತಲೇ ಹರಿಯುತ್ತವೆ.

ಕಪ್ಪಿನ ಬಂಡವಾಳ ಬೇರೆ ಬಗೆಯದು. ಅದರ ಎರಡೂ ಒಂಟೆಗಳು ಉಳಿದಿವೆ, ಬಿಳಿ ಒಂದನ್ನು ಕುದುರೆಗೆ ಬದಲಾಗಿ ಕೊಟ್ಟಿದೆ. ಬಿಳಿ ಕಳೆದುಕೊಂಡಿರುವುದು ತಿಳಿಬಣ್ಣದ ಮನೆಗಳಲ್ಲಿ ಓಡಾಡುವ ಒಂಟೆಯನ್ನು. ಇ5ರಲ್ಲಿ ಮುಂದೆ ನಿಂತ ಬಿಳಿ ಕಾಲಾಳು ಗಾಢಬಣ್ಣದ ಮನೆಯಲ್ಲಿದೆ. ಹಾಗಾಗಿ ಎಫ್5, ಇ6, ಡಿ5ರಂತಹ ತಿಳಿಬಣ್ಣದ ಮನೆಗಳು ಕಪ್ಪಿಗೆ ನೆಮ್ಮದಿಯ ತಾಣಗಳಾಗುತ್ತವೆ, ಅಲ್ಲಿ ಕಾಯಿ ಇಟ್ಟು ಬಿಳಿಯ ಬಹುಮತವನ್ನು ಕಟ್ಟಿಹಾಕಬಹುದು. ಇನ್ನು ನಡುವೆ ನಿಂತ ರಾಜ. ರಾಣಿಯರೇ ಇಲ್ಲದ ಮೇಲೆ ಅವನ ಮೇಲೆ ದಾಳಿ ಸುಲಭವಲ್ಲ. ಅವನು ಮೆಲ್ಲಗೆ ಸಿ8ಕ್ಕೋ ಇ8ಕ್ಕೋ ಸರಿದು ನೆಲೆ ಕಂಡುಕೊಳ್ಳುತ್ತಾನೆ.

ಒಬ್ಬನ ಕೈಯಲ್ಲಿ ದೀರ್ಘಕಾಲದ ಬಂಡವಾಳ, ಇನ್ನೊಬ್ಬನ ಕೈಯಲ್ಲಿ ಚುರುಕಾದ ಕಾಯಿಗಳು. ಸ್ಥಿತಿ ತೂಕದಲ್ಲಿ ಸಮ, ಆಕಾರದಲ್ಲಿ ಅಲ್ಲ. ಬರ್ಲಿನ್ ಎಂದರೆ ಒಣ ಡ್ರಾ ಎನ್ನುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಆ ಮಾತು ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನೂ ಒಪ್ಪಬೇಕು. 2000ದಲ್ಲಿ ಲಂಡನ್‌ನಲ್ಲಿ ಗ್ಯಾರಿ ಕ್ಯಾಸ್ಪರೋವ್ ಎದುರು ಪಟ್ಟಕ್ಕಾಗಿ ಆಡಿದ ವ್ಲಾದಿಮಿರ್ ಕ್ರಾಮ್ನಿಕ್ ಹತ್ತೊಂಬತ್ತನೇ ಶತಮಾನದ ಈ ಹಳೆಯ ರಕ್ಷಣೆಯನ್ನು ಧೂಳು ಕೊಡವಿ ಹೊರತೆಗೆದರು. 1985ರಿಂದ ಚಾಂಪಿಯನ್ ಆಗಿದ್ದ ಕ್ಯಾಸ್ಪರೋವ್ ರಾಣಿಯರಿದ್ದ ಬಿರುಸಿನ ಆಟದಲ್ಲಿ ಸಾಟಿಯಿಲ್ಲದವರು. ಆ ರಾಣಿಯರನ್ನೇ ಎಂಟನೇ ನಡೆಗೆ ಹಲಗೆಯಿಂದ ಇಳಿಸಿದರೆ ಏನಾಗುತ್ತದೆ ಎಂಬುದು ಕ್ರಾಮ್ನಿಕ್ ಅವರ ಯೋಚನೆ. ಮೊದಲನೇ ಪಂದ್ಯದಲ್ಲೇ ಬರ್ಲಿನ್ ಬಂತು, 25 ನಡೆಗಳಲ್ಲಿ ಡ್ರಾ. ಮೂರನೇ, ಒಂಬತ್ತನೇ, ಹದಿಮೂರನೇ ಪಂದ್ಯಗಳಲ್ಲೂ ಬಂತು, ಎಲ್ಲವೂ ಡ್ರಾ. ಹದಿಮೂರನೆಯದು ಮುಗಿದದ್ದು ಬರೀ 14 ನಡೆಗಳಲ್ಲಿ. ಇಡೀ ಸರಣಿಯಲ್ಲಿ ಕ್ಯಾಸ್ಪರೋವ್ ಒಂದು ಪಂದ್ಯವನ್ನೂ ಗೆಲ್ಲಲಾಗದೆ 8.5–6.5ರಿಂದ ಪಟ್ಟ ಕಳೆದುಕೊಂಡರು. ಬರ್ಲಿನ್ ಗೋಡೆ ಎಂಬ ಅಡ್ಡಹೆಸರು ಅಲ್ಲಿಂದ ನಿಂತಿತು.

ಇದಕ್ಕಿಂತ ಕೆಟ್ಟ ಹೆಸರು ತಂದದ್ದು ಬರ್ಲಿನ್‌ನ ಇನ್ನೊಂದು ಉಪಕವಲು. ಅಲ್ಲಿ ಆರನೇ ನಡೆಯಲ್ಲಿ ಬಿಳಿ ಒಂಟೆಯಿಂದ ಹೊಡೆಯದೆ ಕಾಲಾಳಿನಿಂದ ಇ5ರಲ್ಲಿ ಹೊಡೆಯುತ್ತದೆ. ಕಪ್ಪು ಬಿ5ರ ಒಂಟೆಯನ್ನು ತಿನ್ನುತ್ತದೆ, ಬಿಳಿ ಎ4ಕ್ಕೆ ಕಾಲಾಳು ತಳ್ಳಿ ಕುದುರೆಯನ್ನು ಓಡಿಸುತ್ತದೆ, ಅದು ಡಿ4ಕ್ಕೆ ಹೋಗುತ್ತದೆ, ಅಲ್ಲಿ ನಡೆಯುವ ಹೊಡೆದಾಟದಲ್ಲಿ ಕಪ್ಪಿನ ಎರಡು, ಬಿಳಿಯ ಒಂದು ಕುದುರೆ ಮಾಯವಾಗುತ್ತವೆ. ಕೊನೆಗೆ ಬಿಳಿಯ ರಾಣಿ ಇ4ರಿಂದ ಚೆಕ್ ಕೊಡುತ್ತದೆ, ಕಪ್ಪು ರಾಣಿ ಇ6ರಲ್ಲಿ ಅಡ್ಡ ಬರುತ್ತದೆ. ಬಿಳಿಯ ರಾಣಿ ಡಿ4ಕ್ಕೆ, ಕಪ್ಪು ರಾಣಿ ಡಿ6ಕ್ಕೆ, ಮತ್ತೆ ಇ4ರಿಂದ ಚೆಕ್. 14ನೇ ನಡೆಗೆ ಒಂದೇ ಸ್ಥಿತಿ ಮೂರನೇ ಬಾರಿ ಬರುತ್ತದೆ. ಇಬ್ಬರಿಗೂ ಅರ್ಧ ಅಂಕ ಸಾಕೆನಿಸಿದ ದಿನಗಳಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳು ಇದನ್ನು ನಡೆ ನಡೆಯೂ ಬದಲಾಗದಂತೆ ಆಡಿ ಎದ್ದುಹೋಗುತ್ತಾರೆ. ಅದನ್ನು ನಾನು ಆಟವೆಂದು ಎಣಿಸುವುದಿಲ್ಲ. ಪರಸ್ಪರ ಮಾತಿನಿಂದ ಡ್ರಾ ಮಾಡಿಕೊಳ್ಳಬಾರದೆಂಬ ನಿಯಮವನ್ನು 2005ರಲ್ಲಿ ಬಲ್ಗೇರಿಯದ ಸೋಫಿಯಾದ ಟೂರ್ನಿಯಲ್ಲಿ ತಂದರು, ಹಲವು ಕಡೆ ಅದು ಬಳಕೆಗೂ ಬಂತು. ಆದರೆ ಸ್ಥಿತಿ ಮರುಕಳಿಸಿದಾಗ ಆ ನಿಯಮವೂ ಏನೂ ಮಾಡಲಾರದು. ಈ ಉಪಕವಲು ತೂರಿಕೊಳ್ಳುವುದು ಅದೇ ಕಿಂಡಿಯಲ್ಲಿ.

ಈಗ ಚೆನ್ನೈಗೆ ಬರೋಣ. ನಾಲ್ಕನೇ ಪಂದ್ಯದಲ್ಲಿ ಆನಂದ್ ಬಿಳಿ, ಕಾರ್ಲ್‌ಸನ್ ಕಪ್ಪು. ಮೊದಲ ಎಂಟು ನಡೆಗಳು ಮೇಲೆ ಹೇಳಿದ ಮುಖ್ಯ ದಾರಿಯವೇ. ಹದಿಮೂರನೇ ನಡೆಗೆ ಆನಂದ್ ಗಾಢಬಣ್ಣದ ಒಂಟೆಗಳನ್ನು ಬದಲಾಯಿಸಿಕೊಂಡು ಕಪ್ಪಿನ ಒಂಟೆಗಳ ಜೋಡಿಯನ್ನು ಮುರಿದರು. ಬಿಳಿಯ ಬಂಡವಾಳದ ಲೆಕ್ಕದಲ್ಲಿ ಇದು ಸರಿಯಾದ ವ್ಯಾಪಾರ: ಕಾಯಿಗಳು ಕಡಿಮೆಯಾದಷ್ಟೂ ಕಾಲಾಳುಗಳ ಬಹುಮತಕ್ಕೆ ಬೆಲೆ ಹೆಚ್ಚು. ಆನೆಗಳೆರಡನ್ನೂ ಡಿ ಸಾಲಿನಲ್ಲಿ ಒಂದರ ಹಿಂದೆ ಒಂದು ನಿಲ್ಲಿಸಿದರು. ಕಾರ್ಲ್‌ಸನ್ ರಾಜನನ್ನು ಸಿ8ಕ್ಕೆ ಸರಿಸಿ, ಉಳಿದ ಒಂಟೆಯನ್ನು ಇ6ರಲ್ಲಿ ಇಟ್ಟರು.

18ನೇ ನಡೆಯಲ್ಲಿ ಆನಂದ್ ಸಿ3ರ ಕುದುರೆಯನ್ನು ಇ2ಕ್ಕೆ ತಂದರು. ಆ ಕುದುರೆ ಎ2ರ ಕಾಲಾಳನ್ನು ಕಾಯುತ್ತಿತ್ತು. ಈಗ ಕಾವಲಿಲ್ಲ. ಇ6ರಿಂದ ಎ2ರವರೆಗೆ ಓರೆದಾರಿ ಪೂರ್ತಿ ಖಾಲಿ. ಕಾರ್ಲ್‌ಸನ್ ಒಂಟೆಯಿಂದ ಆ ಕಾಲಾಳನ್ನು ತಿಂದರು.

ಚದುರಂಗ ಬಲ್ಲವರಿಗೆ ಇಲ್ಲಿ ಎದೆ ಝಲ್ಲೆನ್ನುತ್ತದೆ. ಮೂಲೆಯ ಕಾಲಾಳನ್ನು ತಿನ್ನಲು ಹೋದ ಒಂಟೆ ಸಿಕ್ಕಿಬೀಳುವುದು ಬಹಳ ಹಳೆಯ ಬಲೆ. ಆನಂದ್ ತಕ್ಷಣ ಬಿ3 ಆಡಿ ಹಿಂದಿರುಗುವ ದಾರಿಗೆ ಅಗುಳಿ ಹಾಕಿದರು. ಪಕ್ಕದ ಬಿ1 ಮನೆಗೆ ಹೋದರೆ ಡಿ1ರ ಆನೆ ಹೊಡೆಯುತ್ತದೆ. ಒಂಟೆ ಬೋನಿನಲ್ಲಿದೆ. ಆಗ ಕಾರ್ಲ್‌ಸನ್ ಸಿ5ರ ಕಾಲಾಳನ್ನು ಸಿ4ಕ್ಕೆ ತಳ್ಳಿದರು. ಅದು ಡಿ3ರ ಕುದುರೆಯನ್ನೂ ಬಿ3ರ ಕಾಲಾಳನ್ನೂ ಒಟ್ಟಿಗೆ ಚುಚ್ಚುತ್ತದೆ. ಆನಂದ್ ಕುದುರೆಯನ್ನು ಸಿ1ಕ್ಕೆ ಹಿಂತೆಗೆದು ಒಂಟೆಯ ಮೇಲೆ ಗುರಿಯಿಟ್ಟರು. ಕಾಲಾಳುಗಳು ಬಿ3ರಲ್ಲಿ ಬದಲಾದವು. ಈಗ ಒಂಟೆ ನಿರಾಳವಾಗಿ ಬಿ1ಕ್ಕೆ ಹೋಯಿತು. ಸಿ1ಕ್ಕೆ ಬಂದ ಬಿಳಿಯ ಕುದುರೆಯೇ ಡಿ1ರ ಆನೆಗೆ ಅಡ್ಡ ನಿಂತಿತ್ತು! ಸಿ2ರ ಕಾಲಾಳೂ ಬಿ3ಕ್ಕೆ ಹೋಗಿದ್ದರಿಂದ ಬಿ1ರಿಂದ ಎಫ್5ಕ್ಕೆ ಓರೆದಾರಿ ತೆರೆದಿತ್ತು. ನಾಲ್ಕು ನಡೆಗಳ ಈ ಲೆಕ್ಕವನ್ನು ಎ2ರಲ್ಲಿ ಹೊಡೆಯುವ ಮೊದಲೇ ಕಾಣಬೇಕು, ಇಲ್ಲದಿದ್ದರೆ ಪಂದ್ಯ ಅಲ್ಲೇ ಕೈತಪ್ಪುತ್ತದೆ.

ಹೀಗೆ ಕಪ್ಪಿಗೆ ಒಂದು ಕಾಲಾಳು ಹೆಚ್ಚಾಯಿತು. ಬಿಳಿ ಹಿಡಿದ ಚಾಂಪಿಯನ್, ತನ್ನ ಊರಿನಲ್ಲಿ, ಗೆಲ್ಲಬೇಕೆಂದು ಕೂತ ಪಂದ್ಯದಲ್ಲಿ ಸೋಲು ತಪ್ಪಿಸಿಕೊಳ್ಳುವ ಸ್ಥಿತಿಗೆ ಬಂದರು. ಈ ಪಂದ್ಯದ ಹಿರಿಮೆ ಇಲ್ಲಿಂದ ಮುಂದಿದೆ. ಕಾಲಾಳು ಕಳೆದುಕೊಂಡವರು ಸಾಮಾನ್ಯವಾಗಿ ಮುದುಡಿಕೊಂಡು ಕಾಯುತ್ತಾರೆ. ಕಾರ್ಲ್‌ಸನ್ ಎದುರು ಹಾಗೆ ಕಾದವರ ಗತಿ ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಆನಂದ್ ಮುದುಡಲಿಲ್ಲ. ಕಳೆದುಕೊಂಡದ್ದು ರಾಣಿಯ ಬದಿಯ ಕಾಲಾಳು, ರಾಜನ ಬದಿಯ ನಾಲ್ಕಕ್ಕೆ ಮೂರರ ಬಹುಮತ ಹಾಗೆಯೇ ಇತ್ತು. ಬರ್ಲಿನ್ ಬಿಳಿಗೆ ಕೊಡುವ ಆ ಏಕೈಕ ಆಸ್ತಿಯನ್ನೇ ಅವರು ಬಿಚ್ಚಿದರು. ಎಫ್4, ಜಿ4, ಎಫ್5 ಎಂದು ಕಾಲಾಳುಗಳು ಮುಂದೆ ಸಾಗಿದವು. ಎಫ್5ಕ್ಕೆ ಬಂದಿದ್ದ ಕಪ್ಪು ಒಂಟೆ ಸಿ8ಕ್ಕೆ ಹಿಂದೆ ಸರಿಯಬೇಕಾಯಿತು. ಒಂದು ಕುದುರೆ ಬಿ5ಕ್ಕೆ ಜಿಗಿದು ಸಿ7ರ ಮೇಲೆ ಕಣ್ಣಿಟ್ಟಿತು, ಆನೆಗಳೆರಡೂ ಸಿ ಸಾಲಿಗೆ ಬಂದವು.

33ನೇ ನಡೆಯಲ್ಲಿ ಇ6 ಎಂದು ಕಾಲಾಳು ನುಗ್ಗಿತು. ಕಪ್ಪು ಹೊಡೆಯಿತು, ಎಫ್5ರ ಕಾಲಾಳು ಹೊಡೆದು ಆ ಜಾಗಕ್ಕೆ ಬಂತು. ಈಗ ಅದರ ಮುಂದೆ ಅಡ್ಡ ನಿಲ್ಲಲು ಕಪ್ಪಿನ ಕಾಲಾಳೇ ಇಲ್ಲ. ನಂತರ 35ನೇ ನಡೆ. ಜಿ4ರ ಕಾಲಾಳನ್ನು ಕಾಯುತ್ತಿದ್ದ ಎಫ್2ರ ಕುದುರೆಯನ್ನು ಆನಂದ್ ಇ4ಕ್ಕೆ ಎತ್ತಿಟ್ಟು, ಆ ಕಾಲಾಳನ್ನು ಚೆಕ್ ಸಮೇತ ಹೊಡೆಯಲು ಬಿಟ್ಟರು. ಕಪ್ಪಿಗೆ ಎರಡು ಕಾಲಾಳು ಹೆಚ್ಚಾದವು. ಬಿಳಿ ರಾಜ ಚೆಕ್‌ಗಳನ್ನು ತಪ್ಪಿಸಿಕೊಳ್ಳುತ್ತಲೇ ಎಫ್2, ಇ3 ಎಂದು ಮುಂದೆ ನಡೆದು ಕಾದಾಟಕ್ಕೆ ಸೇರಿಕೊಂಡ. ಮೊದಲ 40 ನಡೆಗಳಿಗೆ ಪ್ರತಿಯೊಬ್ಬನಿಗೂ ಇದ್ದದ್ದು ಎರಡು ಗಂಟೆ. ಆ ಗಡಿ ಹತ್ತಿರವಾಗುತ್ತಿರುವಾಗ ಇಂತಹ ನಡೆ ಆಡಲು ಲೆಕ್ಕವೊಂದೇ ಸಾಲದು, ಧೈರ್ಯವೂ ಬೇಕು. ನನಗೆ ಇಡೀ ಸರಣಿಯಲ್ಲಿ ಅತ್ಯಂತ ಪ್ರಿಯವಾದ ನಡೆ ಇದು.

ನಂತರ ಕುದುರೆಗಳು ಬದಲಾದವು, ಬಿಳಿಯ ಆನೆ ಸಿ7ರ ಕಾಲಾಳನ್ನು ಹೊಡೆಯಿತು. 45ನೇ ನಡೆಗೆ ಕಪ್ಪಿನ ಒಂಟೆಯೂ ಬಿಳಿಯ ಕುದುರೆಯೂ ಹಲಗೆ ಬಿಟ್ಟಿದ್ದವು. ಉಳಿದದ್ದು ಎರಡೆರಡು ಆನೆಗಳು ಮತ್ತು ಕೆಲವು ಕಾಲಾಳುಗಳು. 46ನೇ ನಡೆಯಲ್ಲಿ ಬಿಳಿಯ ಕಾಲಾಳು ಇ7 ತಲುಪಿತು, ರಾಣಿಯಾಗಲು ಇನ್ನೊಂದೇ ಹೆಜ್ಜೆ. ಕಪ್ಪಿಗೆ ಮೂರು ಕಾಲಾಳು, ಬಿಳಿಗೆ ಎರಡು. ಕಾಗದದ ಮೇಲೆ ಕಪ್ಪು ಮುಂದಿದೆ. ಆದರೆ ಕಪ್ಪು ಆನೆಗಳು ಇ ಸಾಲಿನಿಂದ ಕಣ್ಣು ತೆಗೆಯುವಂತಿಲ್ಲ, ತೆಗೆದರೆ ಹೊಸ ರಾಣಿ ಹುಟ್ಟುತ್ತದೆ. ಆ ಒಂದು ಕಾಲಾಳು ಕಪ್ಪಿನ ಕೈಗಳನ್ನು ಹತ್ತಾರು ನಡೆಗಳ ಕಾಲ ಕಟ್ಟಿಹಾಕಿತು. ಕಾರ್ಲ್‌ಸನ್ ಕೊನೆಗೆ 58ನೇ ನಡೆಯಲ್ಲಿ ಅದನ್ನು ಹೊಡೆದರು. ಅಷ್ಟು ಹೊತ್ತಿಗೆ ಆನಂದ್ ಅವರ ಆನೆಗಳು ಕಪ್ಪಿನ ಜಿ ಸಾಲಿನ ಕಾಲಾಳಿನ ಬೆನ್ನಿಗೆ ಬಿದ್ದಿದ್ದವು, ಅದೂ ಹೋಯಿತು. ಒಂದು ಜೋಡಿ ಆನೆ ಬದಲಾಗಿ, 64ನೇ ನಡೆಯಲ್ಲಿ ಬಿಳಿ ರಾಜ ಬಿ3ರ ಕಾಲಾಳನ್ನು ತಿಂದಾಗ ಕೈಕುಲುಕಿದರು. ಹಲಗೆಯ ಮೇಲೆ ಉಳಿದದ್ದು ಒಂದೊಂದು ಆನೆ, ಒಬ್ಬೊಬ್ಬ ರಾಜ, ಮತ್ತು ಬಿ6ರಲ್ಲಿ ಕಪ್ಪಿನ ಒಂಟಿ ಕಾಲಾಳು. ಒಂದು ಕಾಲಾಳು ಹೆಚ್ಚಿದ್ದರೂ ಕಪ್ಪು ಗೆಲ್ಲಲಾಗುವುದಿಲ್ಲ. ಬಿಳಿ ರಾಜ ಅದರ ದಾರಿಯಲ್ಲೇ ನಿಂತಿದ್ದಾನೆ, ಆನೆ ದೂರದಿಂದ ಕಾಯುತ್ತದೆ. ಆನೆಗಳ ಅಂತ್ಯದಾಟದ ಮೊದಲ ಪಾಠಗಳಲ್ಲೇ ಈ ರಕ್ಷಣೆ ಬರುತ್ತದೆ.

18ನೇ ನಡೆಯಿಂದ ಕೊನೆಯವರೆಗೆ ಕಪ್ಪು ಯಾವಾಗಲೂ ಲೆಕ್ಕದಲ್ಲಿ ಮುಂದೆ, ಬಿಳಿ ಯಾವಾಗಲೂ ಚುರುಕಿನಲ್ಲಿ ಮುಂದೆ. ಬರ್ಲಿನ್‌ನ ಎಂಟನೇ ನಡೆಯಲ್ಲಿ ಇದ್ದದ್ದು ಇದರ ತಿರುವು ಮುರುವು: ಅಲ್ಲಿ ದೀರ್ಘಕಾಲದ ಬಂಡವಾಳ ಬಿಳಿಯದು, ಚುರುಕು ಕಪ್ಪಿನದು. ನಡುವೆ ಒಂದು ಕುದುರೆ ತಪ್ಪಾಗಿ ಸರಿದದ್ದರಿಂದ ಪಾತ್ರಗಳು ಅದಲುಬದಲಾದವು.

ಮುಂದೆ ನಡೆದದ್ದು ಆನಂದ್ ಅಭಿಮಾನಿಗಳಿಗೆ ಕಹಿ ನೆನಪು. ಐದನೇ ಪಂದ್ಯವನ್ನು ಕಾರ್ಲ್‌ಸನ್ ಗೆದ್ದರು. ಆರನೆಯದರಲ್ಲಿ ಮತ್ತೆ ಬರ್ಲಿನ್ ಬಂತು. ಆನಂದ್ ಈ ಬಾರಿ ರಾಣಿಯರನ್ನು ಉಳಿಸಿಕೊಳ್ಳಲು ನಾಲ್ಕನೇ ನಡೆಯಲ್ಲಿ ಡಿ3 ಆಡಿದರು, 67 ನಡೆಗಳಲ್ಲಿ ಸೋತರು. ಎಂಟನೆಯದರಲ್ಲಿ ಬಣ್ಣ ಬದಲಾಗಿ ಕಪ್ಪು ಹಿಡಿದ ಆನಂದ್ ತಾವೇ ಬರ್ಲಿನ್ ಆಡಿ 33 ನಡೆಗಳಲ್ಲಿ ಡ್ರಾ ಪಡೆದರು. ಗೆಲ್ಲಲೇಬೇಕಾಗಿದ್ದ ಒಂಬತ್ತನೇ ಪಂದ್ಯದಲ್ಲಿ ಅವರು ಇ4 ಬಿಟ್ಟು ಡಿ4ನಿಂದ ಆರಂಭಿಸಿದರು. ಕಪ್ಪಿನ ಒಂದು ರಕ್ಷಣೆ ಬಿಳಿಯ ನೆಚ್ಚಿನ ಮೊದಲ ನಡೆಯನ್ನೇ ಕೈಯಿಂದ ಬಿಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಪಂದ್ಯವೂ ಸೋತು, ಸರಣಿ 6.5–3.5ಕ್ಕೆ ಮುಗಿಯಿತು.

ಮರುವರ್ಷ ಸೋಚಿಯಲ್ಲಿ ಇಬ್ಬರೂ ಮತ್ತೆ ಎದುರಾದಾಗ ಏಳನೇ ಪಂದ್ಯದಲ್ಲಿ ಕಪ್ಪು ಹಿಡಿದ ಆನಂದ್ ಬರ್ಲಿನ್‌ನಲ್ಲೇ ಒಂದು ಒಂಟೆ ಕೊಟ್ಟು ಎರಡು ಕಾಲಾಳು ಪಡೆದು 122 ನಡೆಗಳವರೆಗೆ ತಡೆದು ಡ್ರಾ ಮಾಡಿಕೊಂಡರು. ಹನ್ನೊಂದನೆಯದರಲ್ಲಿ ಅದೇ ಆರಂಭದಲ್ಲಿ ಗೆಲುವಿಗೆ ಕೈಚಾಚಿ 45 ನಡೆಗಳಲ್ಲಿ ಸೋತರು. 14 ನಡೆಗಳ ಕೈಕುಲುಕು, 64 ನಡೆಗಳ ಕಾದಾಟ, 122 ನಡೆಗಳ ತಪಸ್ಸು, ಒಂದು ಸೋಲು: ಎಲ್ಲದರ ಮೊದಲ ಐದು ನಡೆಗಳು ಒಂದೇ.

ಚೆನ್ನೈನ ಆ ಪಂದ್ಯವನ್ನು ಹಲಗೆ ಹಾಸಿಕೊಂಡು ಆಡಿ ನೋಡುವವರು ಎರಡು ಕಡೆ ನಿಲ್ಲಿಸಬೇಕು. ಮೊದಲನೆಯದು 18ನೇ ನಡೆ: ಎ2ರ ಕಾಲಾಳನ್ನು ತಿನ್ನಬಹುದೇ ಎಂಬುದನ್ನು ಮುಂದಿನ ನಡೆಗಳನ್ನು ಮುಚ್ಚಿಟ್ಟು ಸ್ವತಃ ಲೆಕ್ಕ ಹಾಕಿ, ಒಂಟೆ ಹೊರಬರುವ ದಾರಿ ಕಾಣುವವರೆಗೆ ಮುಂದೆ ಹೋಗಬೇಡಿ. ಎರಡನೆಯದು 35ನೇ ನಡೆ: ಬಿಳಿಯ ಕಡೆ ಕುಳಿತು ಜಿ4ರ ಕಾಲಾಳನ್ನು ಕಾಯುವ ನಡೆಗಳನ್ನೆಲ್ಲ ಒಂದೊಂದಾಗಿ ಪ್ರಯತ್ನಿಸಿ, ಕಪ್ಪು ಏನು ಮಾಡುತ್ತದೆ ಎಂದು ನೋಡಿ. ಆಮೇಲೆ ಕುದುರೆಯನ್ನು ಇ4ಕ್ಕೆ ಇಡಿ.